ಚಳಿಗಾಲಕ್ಕೆ ಗುಳೆ ಹೋಗುವ ಅಜ್ಜ-ಅಜ್ಜಿಯರು

ಅಕ್ಟೋಬರ್ ಮುಗಿಯುತ್ತಿದ್ದಂತೆ ಫ್ರಾನ್ಸಿನ ಹೆದ್ದಾರಿಗಳಲ್ಲಿ ದಕ್ಷಿಣಕ್ಕೆ ಹೊರಟ ಮೋಟಾರ್‌ಹೋಮ್‌ಗಳು ಹೆಚ್ಚಾಗುತ್ತವೆ. ನಂಬರ್ ಪ್ಲೇಟು ಡಚ್ಚರದು, ಜರ್ಮನರದು, ಬೆಲ್ಜಿಯನ್ನರದು. ಹಿಂಬದಿಗೆ ಎರಡು ಸೈಕಲ್ಲು, ಒಳಗೆ ನಿವೃತ್ತ ಗಂಡ ಹೆಂಡತಿ, ಎಷ್ಟೋ ಸಲ ಜೊತೆಗೊಂದು ನಾಯಿ. ಬ್ರಿಟಿಷರಲ್ಲಿ ಹಲವರು ಪೋರ್ಟ್ಸ್‌ಮತ್‌ನಲ್ಲಿ ಗಾಡಿಸಮೇತ ಹಡಗು ಹತ್ತಿ ಸ್ಪೇನಿನ ಉತ್ತರ ತೀರದ ಸಾಂತಾಂದೇರ್‌ನಲ್ಲೋ ಬಿಲ್ಬಾವೊದಲ್ಲೋ ಇಳಿಯುತ್ತಾರೆ. ಎಲ್ಲರ ಗುರಿ ಮೆಡಿಟರೇನಿಯನ್ ಕರಾವಳಿ: ಬೆನಿದೋರ್ಮ್, ಅಲಿಕಾಂತೆ, ಮುರ್ಸಿಯಾ, ಅಲ್ಮೆರಿಯಾ, ಮಾಲಗಾ. ಮಾರ್ಚ್ ತನಕ ಬಿಡಾರ ಅಲ್ಲೇ.

ಇದಕ್ಕೆ ಡಚ್ ಭಾಷೆಯಲ್ಲಿ ಒಂದೇ ಕ್ರಿಯಾಪದವಿದೆ, 'ಓವರ್‌ವಿಂಟರೆನ್'. ಚಳಿಗಾಲವನ್ನು ದಾಟಿಸುವುದು ಎಂದರ್ಥ. ಹಕ್ಕಿಗೂ ಗಿಡಕ್ಕೂ ಮನುಷ್ಯನಿಗೂ ಅದೇ ಪದ. ಜರ್ಮನ್ನಿನಲ್ಲೂ ಹಾಗೆಯೇ. ಕನ್ನಡದಲ್ಲಿ ಹುಡುಕಿದರೆ ಋತು ನೋಡಿ ಗಂಟುಮೂಟೆ ಕಟ್ಟಿ ಹೊರಟು, ಋತು ನೋಡಿಯೇ ಮರಳುವುದಕ್ಕೆ ಇರುವ ಪದ 'ಗುಳೆ'. ಆದರೆ ಗುಳೆ ಎಂದ ಕೂಡಲೇ ರಾಯಚೂರು, ಯಾದಗಿರಿ, ಕೊಪ್ಪಳದ ಬಸ್ ನಿಲ್ದಾಣ ಕಣ್ಣಿಗೆ ಬರುತ್ತದೆ. ಕಂಕುಳಲ್ಲಿ ಕೂಸು, ತಲೆ ಮೇಲೆ ಪಾತ್ರೆಗಂಟು ಕಾಣುತ್ತದೆ. ಪಿಂಚಣಿ ಬರುವ ಡಚ್ ದಂಪತಿಯ ಪ್ರಯಾಣವನ್ನು ಗುಳೆ ಎಂದು ಅನುವಾದಿಸಿದರೆ ಓದುಗರು ನಗಬಹುದು. ಆ ನಗುವಿನ ಕಾರಣ ಏನೆಂದು ಕೇಳಿಕೊಳ್ಳುವುದು ಒಳ್ಳೆಯದು. ಎರಡೂ ಕಡೆ ಜನ ಹೊರಡುವುದು ಊರಲ್ಲಿ ಆ ಕೆಲವು ತಿಂಗಳು ಬದುಕು ಕಷ್ಟ ಎಂದೇ. ಪದ ಬದಲಾಗುವುದು ಹೊರಟವರು ಯಾರು ಎಂಬುದನ್ನು ನೋಡಿ.

ಮೊದಲು ಈ ವೃದ್ಧರ ಪರವಾಗಿ ಹೇಳಬೇಕಾದದ್ದನ್ನು ಹೇಳಬೇಕು. ಇದನ್ನು ಶ್ರೀಮಂತರ ಷೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಡಿಸೆಂಬರ್ 21ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಗಲು 8 ಗಂಟೆಯೂ ಇರುವುದಿಲ್ಲ. ಅಲ್ಮೆರಿಯಾದಲ್ಲಿ ಅದು 9 ಗಂಟೆ 30 ನಿಮಿಷ ದಾಟುತ್ತದೆ. ವರ್ಷದ ಅತಿ ಚಿಕ್ಕ ದಿನವೂ 11 ಗಂಟೆಗಿಂತ ಉದ್ದವಿರುವ ಬೆಂಗಳೂರಿನವರಿಗೆ ಈ ಸುಮಾರು ಎರಡು ಗಂಟೆಯ ಬೆಲೆ ತಿಳಿಯುವುದು ಕಷ್ಟ. ಅಲಿಕಾಂತೆಯ ಜನವರಿ ಮಧ್ಯಾಹ್ನ ಸುಮಾರು 17 ಡಿಗ್ರಿ ಬೆಚ್ಚಗಿರುತ್ತದೆ. ವರ್ಷವಿಡೀ ಬೀಳುವ ಮಳೆ ಸುಮಾರು 300 ಮಿಲಿಮೀಟರ್. ಸಮುದ್ರದಲ್ಲಿ ಈಜುವಷ್ಟು ಬಿಸಿ ಇಲ್ಲ, ರಾತ್ರಿ ಸ್ವೆಟರ್ ಬೇಕೇ ಬೇಕು. ಆದರೂ ಮಂಡಿನೋವಿನ ಎಪ್ಪತ್ತರ ಹಿರಿಯರು ದಿನಾ ಹೊರಗೆ ನಡೆಯಬಹುದು. 2022ರಲ್ಲಿ ಉಕ್ರೇನ್ ಮೇಲೆ ರಷ್ಯಾದ ದಾಳಿಯಾದ ಬಳಿಕ ಯುರೋಪಿನಲ್ಲಿ ಗ್ಯಾಸ್ ಬೆಲೆ ಏರಿದಾಗ, ಮನೆ ಬಿಸಿಮಾಡುವ ಖರ್ಚನ್ನೂ ಸ್ಪೇನಿನಲ್ಲಿ ತಿಂಗಳ ಲೆಕ್ಕದಲ್ಲಿ ಕ್ಯಾಂಪಿಂಗ್ ಜಾಗ ಹಿಡಿಯುವ ಖರ್ಚನ್ನೂ ಹೋಲಿಸಿ ನೋಡುವುದು ಸಾಮಾನ್ಯ ಪಿಂಚಣಿದಾರರ ಸಂಸಾರದ ಲೆಕ್ಕವಾಯಿತು.

ಆ ಕ್ಯಾಂಪ್‌ಸೈಟುಗಳು ಚಳಿಗಾಲದಲ್ಲಿ ಪುಟ್ಟ ಊರುಗಳಾಗುತ್ತವೆ. ಪೊದೆಬೇಲಿಯಿಂದ ಬೇರ್ಪಡಿಸಿದ ಜಾಗ, ಕರೆಂಟಿನ ಪೆಟ್ಟಿಗೆ, ಸಾಮೂಹಿಕ ಸ್ನಾನದ ಮನೆ, ಪಾತ್ರೆ ತೊಳೆಯುವ ಕಟ್ಟೆ. ಆ ಪೆಟ್ಟಿಗೆ ಕೊಡುವುದು 6 ಅಥವಾ 10 ಆಂಪಿಯರ್ ಮಾತ್ರ. ಹೀಟರ್ ಉರಿಯುತ್ತಿರುವಾಗ ಕೆಟಲ್ ಹಾಕಿದರೆ ಫ್ಯೂಸ್ ಹೋಗುತ್ತದೆ. ಬ್ರಿಟನ್ನಿನ ಗ್ಯಾಸ್ ಸಿಲಿಂಡರನ್ನು ಸ್ಪೇನಿನಲ್ಲಿ ಬದಲಿಸಿಕೊಡುವುದಿಲ್ಲ, ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರಿಗೆ ಬೇರೆಯೇ ರೆಗ್ಯುಲೇಟರ್ ಬೇಕು. ಪಕ್ಕದ ಗಾಡಿಯವರು ಸಹಾಯಕ್ಕೆ ಬರುವುದು ಇಂಥ ಹೊತ್ತಿನಲ್ಲಿ. ಸಂಜೆ ಪೆಟಾಂಕ್ ಆಟ, ವಾರಕ್ಕೊಮ್ಮೆ ಸಂತೆ. ಉತ್ತರದ ಊರುಗಳಲ್ಲಿ ಮುಚ್ಚಿದ ಕಿಟಕಿಯ ಹಿಂದೆ ಒಂಟಿಯಾಗಿ ಕೂರುವ ವಯಸ್ಸಿನಲ್ಲಿ, ಇಲ್ಲಿ ಬೆಳಗ್ಗೆ ಹೊರಬಂದರೆ ಹತ್ತು ಜನ ಮಾತಾಡಿಸುತ್ತಾರೆ. ಯಾವ ವೃದ್ಧಾಶ್ರಮವೂ ಸುಲಭವಾಗಿ ಕೊಡಲಾಗದ ಸಂಗತಿ ಇದು.

ಊರಿಗೂ ಲಾಭವಿದೆ. ಬೇಸಿಗೆಯ ಪ್ರವಾಸವನ್ನೇ ನಂಬಿದ ಕರಾವಳಿಗೆ ಚಳಿಗಾಲ ಎಂದರೆ ನಿರುದ್ಯೋಗ. ಸ್ಪೇನ್ ಸರಕಾರ 1985ರಲ್ಲೇ ತನ್ನ ಹಿರಿಯ ನಾಗರಿಕರಿಗೆ ಅಗ್ಗದ ಪ್ರವಾಸದ ಯೋಜನೆ ತಂದದ್ದು ಹಿರಿಯರ ಸಂತೋಷಕ್ಕಾಗಿ ಮಾತ್ರವೇ ಆಗಿರಲಿಲ್ಲ. ಸೀಸನ್ ಮುಗಿದ ಮೇಲೂ ಹೋಟೆಲುಗಳ ಬಾಗಿಲು ತೆರೆದಿರಲಿ, ಅಲ್ಲಿನ ನೌಕರರ ಕೆಲಸ ಉಳಿಯಲಿ ಎಂಬುದೂ ಅದರ ಉದ್ದೇಶವಾಗಿತ್ತು. ಇಮ್ಸೆರ್ಸೊ ಎಂದು ಕರೆಯುವ ಈ ಯೋಜನೆ ಇಂದಿಗೂ ಬೆನಿದೋರ್ಮ್‌ನ ಚಳಿಗಾಲವನ್ನು ತುಂಬುತ್ತದೆ. ಕ್ಯಾಂಪಿಂಗ್ ಮಾಡುವ ವಿದೇಶಿ ವೃದ್ಧರು ಅದೇ ಕೆಲಸವನ್ನು ಸರಕಾರದ ದುಡ್ಡಿಲ್ಲದೆ ಮಾಡುತ್ತಾರೆ.

ತಕರಾರು ಶುರುವಾಗುವುದು ಕ್ಯಾಂಪ್‌ಸೈಟಿನ ಬೇಲಿಯ ಆಚೆ. ಬಾಡಿಗೆ ಕೊಡದೆ ಕಡಲ ದಂಡೆಯ ಪಾರ್ಕಿಂಗಿನಲ್ಲೇ ವಾರಗಟ್ಟಲೆ ನಿಲ್ಲುವವರೂ ಇದ್ದಾರೆ. ಇಲ್ಲಿ ಸ್ಪೇನಿನ ಕಾನೂನು ಎರಡು ಕ್ರಿಯಾಪದಗಳ ಮೇಲೆ ನಿಂತಿದೆ: 'ಅಪರ್ಕಾರ್' ಎಂದರೆ ಗಾಡಿ ನಿಲ್ಲಿಸುವುದು, 'ಅಕಂಪಾರ್' ಎಂದರೆ ಡೇರೆ ಹಾಕುವುದು. ಕೇಳಲು ಅಣ್ಣ ತಮ್ಮಂದಿರಂತಿರುವ ಈ ಎರಡರ ನಡುವೆ ದಂಡದ ಚೀಟಿ ಇದೆ. ಸಂಚಾರ ಇಲಾಖೆಯ ಸೂಚನೆಯ ಪ್ರಕಾರ, ಗಾಡಿ ನಿಯಮದಂತೆ ನಿಂತಿದ್ದರೆ ಒಳಗೆ ಜನ ಇದ್ದಾರೋ ಇಲ್ಲವೋ ಎಂಬುದು ಮುಖ್ಯವಲ್ಲ. ಒಳಗೆ ನಿದ್ದೆ ಮಾಡಿದರೂ ಅದು ನಿಲ್ಲಿಸಿದ ಗಾಡಿಯೇ. ಮೇಲ್ಛಾವಣಿ ಬಿಚ್ಚಿ, ಕುರ್ಚಿ ಮೇಜು ಹೊರಗಿಟ್ಟು, ನೀರು ನೆಲಕ್ಕೆ ಬಿಟ್ಟ ಗಳಿಗೆಯಿಂದ ಅದು ಕ್ಯಾಂಪಿಂಗ್. ಇನ್ನು 1988ರ ಕರಾವಳಿ ಕಾಯ್ದೆ ಸಮುದ್ರತೀರವನ್ನು ಸಾರ್ವಜನಿಕ ಸ್ವತ್ತು ಎಂದು ಕಾಪಾಡುತ್ತದೆ. ಆ ಪಟ್ಟಿಯೊಳಗೆ ಡೇರೆಯೂ ಇಲ್ಲ, ಅನುಮತಿಯಿಲ್ಲದೆ ಗಾಡಿಯೂ ಇಲ್ಲ.

ಈ ನಿಯಮಗಳನ್ನು ಕ್ಯಾಂಪ್‌ಸೈಟ್ ಮಾಲೀಕರ ಹೊಟ್ಟೆಕಿಚ್ಚು ಎಂದು ಕರೆಯುವ ಅಲೆಮಾರಿಗಳಿದ್ದಾರೆ. ಅವರ ಮಾತು ಒಪ್ಪುವಂಥದ್ದಲ್ಲ. ಅಲ್ಮೆರಿಯಾದ ಕಾಬೊ ದೆ ಗಾತಾ ಯುರೋಪಿನ ಅತ್ಯಂತ ಒಣ ಪ್ರದೇಶಗಳಲ್ಲೊಂದು. ಅಲ್ಲಿನ ಉಪ್ಪಿನ ಕೊಳಗಳಿಗೆ ರಾಜಹಂಸಗಳು ಬರುತ್ತವೆ. ಅಲ್ಲಿ ನೆಲಕ್ಕೆ ಚೆಲ್ಲಿದ ಶೌಚದ ನೀರನ್ನು ತೊಳೆದುಕೊಂಡು ಹೋಗಲು ಮಳೆಯೇ ಇಲ್ಲ. ಮಳೆ ಬಂದರೆ ಬೇರೆ ಅಪಾಯ. ಪುಕ್ಕಟೆ ಎಂದು ಗಾಡಿ ನಿಲ್ಲಿಸುವ ಎಷ್ಟೋ ಜಾಗಗಳು 'ರಾಂಬ್ಲಾ', ಅಂದರೆ ವರ್ಷದ ಹೆಚ್ಚು ದಿನ ಬತ್ತಿರುವ ಹಳ್ಳದ ಪಾತ್ರ. ಇಂಥ ಹಳ್ಳ ಕೆಲವೇ ಗಂಟೆಗಳಲ್ಲಿ ಹೇಗೆ ಉಕ್ಕುತ್ತದೆ ಎಂಬುದನ್ನು 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಕಂಡಿತು. 220ಕ್ಕೂ ಹೆಚ್ಚು ಜನ ಸತ್ತರು. ನಿಯಮ ಬೇಕು. ಪ್ರಶ್ನೆ ಇರುವುದು ಅದು ಯಾರಿಗೆ ಎಷ್ಟು ಬಿಗಿಯಾಗಿ ಅನ್ವಯಿಸುತ್ತದೆ ಎಂಬುದರಲ್ಲಿ.

ಬ್ರಿಟಿಷರಿಗೆ ಈ ಪಾಠ 2021ರ ಜನವರಿ 1ರಿಂದ ಶುರುವಾಯಿತು. ಬ್ರೆಕ್ಸಿಟ್ ನಂತರ ಅವರೂ ಹೊರಗಿನವರು: ಯಾವುದೇ 180 ದಿನಗಳಲ್ಲಿ ಷೆಂಗೆನ್ ದೇಶಗಳೊಳಗೆ 90 ದಿನ ಮಾತ್ರ. ನವೆಂಬರ್‌ನಿಂದ ಮಾರ್ಚ್ ವರೆಗಿನ ಐದು ತಿಂಗಳು ಮೂರಕ್ಕಿಳಿಯಿತು. ಪಕ್ಕದ ಗಾಡಿಯ ಡಚ್ ಗೆಳೆಯ ಉಳಿಯುತ್ತಾನೆ, ಇಪ್ಪತ್ತು ವರ್ಷದಿಂದ ಜೊತೆಗೆ ಪೆಟಾಂಕ್ ಆಡಿದ ಇಂಗ್ಲಿಷಿನವನು ಜನವರಿ ಮುಗಿಯುವ ಮೊದಲೇ ಗಾಡಿ ಕಟ್ಟಬೇಕು. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆದು ದಿನ ಎಣಿಸುವ ಯಂತ್ರವ್ಯವಸ್ಥೆಯೂ ಹಂತಹಂತವಾಗಿ ಬಂತು. ಇದು ಅನ್ಯಾಯ ಎಂದು ಅವರಲ್ಲಿ ಅನೇಕರಿಗೆ ಅನಿಸುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟು, ಹೋಟೆಲ್ ಬುಕಿಂಗು, ರಜೆ ಪತ್ರ ಹಿಡಿದು ಮುಂಬೈ, ಚೆನ್ನೈ, ದೆಹಲಿಗಳ ವೀಸಾ ಕೇಂದ್ರದಲ್ಲಿ ಸರದಿ ನಿಂತವರಿಗೆ ಈ 90-180ರ ಲೆಕ್ಕ ಹಳೆಯದು. ನಿಯಮ ಬದಲಾಗಿಲ್ಲ, ಅದರ ಹೊರಗಿದ್ದವರು ಒಳಗೆ ಬಂದಿದ್ದಾರೆ ಅಷ್ಟೆ.

ಆದರೂ ಅವರಿಗೆ ಮರಳಲು ಮನೆ ಇದೆ. ಅದೇ ಕರಾವಳಿಯಲ್ಲಿ ಇನ್ನೊಂದು ಬಗೆಯ ಬಿಡಾರವಿದೆ. ಅಲ್ಮೆರಿಯಾದಲ್ಲಿ 30,000 ಹೆಕ್ಟೇರಿಗೂ ಹೆಚ್ಚು ನೆಲ ಪ್ಲಾಸ್ಟಿಕ್ ಹಸಿರುಮನೆಗಳ ಅಡಿ ಇದೆ. 'ಪ್ಲಾಸ್ಟಿಕ್ ಕಡಲು' ಎಂದೇ ಜನ ಕರೆಯುತ್ತಾರೆ. ಚಳಿಗಾಲ ಅಲ್ಲಿ ಸುಗ್ಗಿ. ಟೊಮೆಟೊ, ಸೌತೆ, ದೊಣ್ಣೆಮೆಣಸು ತುಂಬಿದ ಲಾರಿಗಳು ಜರ್ಮನಿ, ಹಾಲೆಂಡ್, ಬ್ರಿಟನ್ನಿಗೆ ಹೊರಡುತ್ತವೆ. ಎದುರಿಗೆ ಆ ದೇಶಗಳ ವೃದ್ಧರ ಗಾಡಿಗಳು ಬರುತ್ತವೆ. ಎರಡನ್ನೂ ನಡೆಸುವುದು ಒಂದೇ ಬಿಸಿಲು. ಆ ಬೆಳೆ ಕೀಳುವವರಲ್ಲಿ ಬಹಳ ಮಂದಿ ಮೊರಾಕೊದಿಂದ, ಪಶ್ಚಿಮ ಆಫ್ರಿಕಾದ ದೇಶಗಳಿಂದ ಬಂದವರು. ಅವರಲ್ಲಿ ಸಾವಿರಾರು ಜನ ವಾಸಿಸುವುದು ಮರದ ಪ್ಯಾಲೆಟ್ಟುಗಳಿಗೆ ಹಸಿರುಮನೆಯ ಹಳೇ ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ಗುಡಿಸಲುಗಳಲ್ಲಿ. ನೀರಿನ ನಲ್ಲಿ ಇಲ್ಲ, ಬೆಂಕಿ ಬಿದ್ದರೆ ಕ್ಷಣದಲ್ಲಿ ಬೂದಿ. ಇಂಥ ಒಂದು ವಸತಿಯಾದ ಎಲ್ ವಾಲಿಲಿಯನ್ನು ನೀಹಾರ್ ಪುರಸಭೆ 2023ರ ಜನವರಿ ಕೊನೆಯಲ್ಲಿ, ಕೊಯ್ಲಿನ ಕಾಲದಲ್ಲೇ, ಬುಲ್‌ಡೋಜರ್ ತಂದು ನೆಲಸಮ ಮಾಡಿತು. ಅಲ್ಲಿದ್ದವರು ನೂರಾರು ಜನ. ಕೆಲವರಿಗೆ ತಾತ್ಕಾಲಿಕ ವಸತಿ ಸಿಕ್ಕಿತು, ಉಳಿದವರು ಬೇರೆ ಗುಡಿಸಲು ಹುಡುಕಿಕೊಂಡು ಹೋದರು.

ಈ ಎರಡು ಬಿಡಾರಗಳು ಭೇಟಿಯಾಗುವ ಒಂದು ಜಾಗವಿದೆ: 'ಪದ್ರೋನ್', ಪ್ರತಿ ಪುರಸಭೆ ಇಡುವ ನಿವಾಸಿಗಳ ಪಟ್ಟಿ. ಊರಿಗೆ ಬರುವ ಸರಕಾರಿ ಹಣ ಈ ಪಟ್ಟಿಯ ತಲೆ ಎಣಿಕೆಯನ್ನು ಅವಲಂಬಿಸಿದೆ. ಆದ್ದರಿಂದ ಕರಾವಳಿಯ ಪುರಸಭೆಗಳು ವರ್ಷದ ಬಹುಪಾಲು ತಮ್ಮಲ್ಲೇ ಕಳೆಯುವ ವಿದೇಶಿಯರಿಗೆ ಹೆಸರು ಬರೆಸಿ ಎಂದು ದುಂಬಾಲು ಬೀಳುತ್ತವೆ. ತೆರಿಗೆಯ ಭಯಕ್ಕೋ ಸೋಮಾರಿತನಕ್ಕೋ ಎಷ್ಟೋ ಜನ ಬರೆಸುವುದಿಲ್ಲ. ಗುಡಿಸಲಿನ ಕೂಲಿಗೆ ಅದೇ ಪಟ್ಟಿ ಜೀವನದ ಪ್ರಶ್ನೆ. ಆಸ್ಪತ್ರೆಯ ಕಾರ್ಡಿಗೆ, ಇಷ್ಟು ವರ್ಷ ಇಲ್ಲೇ ಇದ್ದೆ ಎಂದು ತೋರಿಸಿ ಕಾನೂನುಬದ್ಧ ಕಾಗದ ಪಡೆಯಲು ಅದೇ ದಾಖಲೆ ಬೇಕು. ಅವರು ಬೇಡುತ್ತಾರೆ, ಕಚೇರಿ ವಿಳಾಸ ಎಲ್ಲಿ ಎಂದು ಕೇಳಿ ಕಳಿಸುತ್ತದೆ. ವಿಚಿತ್ರವೆಂದರೆ ಪದ್ರೋನ್ ಬಗೆಗಿನ ಸ್ಪೇನಿನ ರಾಷ್ಟ್ರೀಯ ಸೂಚನೆ ಸ್ಪಷ್ಟವಾಗಿದೆ. ಜೋಪಡಿ, ಕ್ಯಾರವಾನ್, ಗುಹೆ ಎಲ್ಲವೂ ವಿಳಾಸವಾಗಬಹುದು, ಆಗಲೇಬೇಕು ಎನ್ನುತ್ತದೆ. ಜೋಪಡಿ ಮತ್ತು ಕ್ಯಾರವಾನ್ ಒಂದೇ ಸಾಲಿನಲ್ಲಿ, ಅಕ್ಕಪಕ್ಕ. ಕಾಗದ ಅವೆರಡನ್ನೂ ಸಮನಾಗಿ ಕಂಡಿದೆ, ಗುಮಾಸ್ತನ ಮೇಜು ಕಾಣುತ್ತಿಲ್ಲ.

ಇದರಿಂದ ಚಳಿಗಾಲದ ವೃದ್ಧರು ಅಪರಾಧಿಗಳೆಂದು ತೀರ್ಮಾನಿಸಬೇಕಿಲ್ಲ. ಬೆಚ್ಚಗಿನ ಬೆನ್ನು ಬಯಸುವುದು ತಪ್ಪಲ್ಲ. ಆದರೆ ಅವರ ಬಯಕೆಗೆ ಒಂದು ಋಣ ಅಂಟಿಕೊಂಡಿದೆ. ತಿಂಗಳುಗಟ್ಟಲೆ ನೀರು, ರಸ್ತೆ, ಆಸ್ಪತ್ರೆ ಬಳಸುವ ಊರಿನ ಪಟ್ಟಿಯಲ್ಲಿ, ನೆಲೆ ನಿಂತಂತೆ ಇರುವವರು ಹೆಸರು ಬರೆಸಲಿ. ಕ್ಯಾಂಪ್‌ಸೈಟಿಗೆ ಬಾಡಿಗೆ ಕೊಡುವ ಶಕ್ತಿ ಇದ್ದವರು ಹಳ್ಳದ ಪಾತ್ರ ಬಿಟ್ಟು ಅಲ್ಲಿಗೆ ಹೋಗಲಿ. ಪುರಸಭೆಗಳ ಋಣ ಇನ್ನೂ ದೊಡ್ಡದು. ಮೋಟಾರ್‌ಹೋಮಿಗೆ ನೀರು ತುಂಬುವ, ಕೊಳೆನೀರು ಸುರಿಯುವ ಕಟ್ಟೆ ಕಟ್ಟಿಸಲು ಹಣ ಹುಡುಕುವ ಊರು, ತನ್ನ ಟೊಮೆಟೊ ಕೀಳುವವರಿಗೆ ಒಂದು ನಲ್ಲಿ ಹಾಕಿಸಲು ಹಣವಿಲ್ಲ ಎನ್ನಬಾರದು. ಮಲಗಿದ ಒಬ್ಬರನ್ನು ಬಾಗಿಲು ತಟ್ಟಿ ಎಬ್ಬಿಸಿ, ಇನ್ನೊಬ್ಬರನ್ನು ಬುಲ್‌ಡೋಜರ್ ತಂದು ಎಬ್ಬಿಸುವ ಆಡಳಿತಕ್ಕೆ ಕಾನೂನು ಪಾಲನೆ ಎಂಬ ಹೆಸರು ಒಪ್ಪುವುದಿಲ್ಲ.

ಕನ್ನಡದವರು ಇದನ್ನು ದೂರದ ಕತೆ ಎಂದು ಓದಿ ಮುಗಿಸುವಂತಿಲ್ಲ. ಪುಣೆ, ಮುಂಬೈ, ಹೈದರಾಬಾದ್‌ಗಳಲ್ಲಿ ಎದ್ದಿರುವ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಿವೆ. ಅಲ್ಲಿ ಕನ್ನಡ ಕೇಳಿಸುತ್ತದೆ. ಅದೇ ಕಟ್ಟಡಗಳ ಮೇಲಿನ ಮಹಡಿಗಳಲ್ಲೂ ಕನ್ನಡ ಕೇಳಿಸುತ್ತದೆ. ಊರು ಬಿಟ್ಟು ಬಂದವರೇ ಇಬ್ಬರೂ. ಮೇಲಿನವರ ಕತೆಗೆ 'ನೆಲೆಸಿದರು' ಎಂಬ ಕ್ರಿಯಾಪದ ಸಿಕ್ಕಿದೆ, ಕೆಳಗಿನವರ ಕತೆಗೆ 'ಗುಳೆ ಬಂದರು' ಎಂಬುದು. ಸ್ಪೇನಿನ ಪಟ್ಟಿಯಲ್ಲಿ ಜೋಪಡಿಯೂ ಕ್ಯಾರವಾನೂ ಒಂದೇ ಸಾಲಿಗೆ ಬಂದಿರುವಾಗ, ಈ ಇಬ್ಬರೂ ಒಂದೇ ಪದಕ್ಕೆ ಬರುವುದು ಅಸಾಧ್ಯವೇನಲ್ಲ. ಭಾಷೆಯಲ್ಲಿ ಅದು ಮೊದಲು ಆದರೆ, ಕಚೇರಿಯ ಮೇಜಿನ ಮುಂದೆ ನಿಂತು ಕೇಳುವುದಕ್ಕೆ ಒಂದಿಷ್ಟು ಬಲ ಬರುತ್ತದೆ.