ಬಿಚ್ಚಿ ಹೊಲಿಯುವ ಹಾಸಿಗೆಯ ಪರವಾಗಿ

ಹತ್ತಿ ಹಾಸಿಗೆ ಮೈಗೂ ಒಳ್ಳೆಯದು, ಮಣ್ಣಿಗೂ ಒಳ್ಳೆಯದು ಎಂದರೆ ಸಾಕು, ಫೋಮ್ ಪಕ್ಷದವರು ಆಕ್ಷೇಪಗಳ ಸಾಲನ್ನೇ ಮುಂದಿಡುತ್ತಾರೆ. ಅವುಗಳಲ್ಲಿ ಹುರುಳಿರುವವೂ ಇವೆ. ಹುರುಳಿಲ್ಲದ್ದನ್ನು ಮೊದಲು ಮುಗಿಸಿಬಿಡೋಣ.

ಹತ್ತಿಯಲ್ಲಿ ತಿಗಣೆ ಆಗುತ್ತದಂತೆ. ತಿಗಣೆಗೆ ಬೇಕಾದದ್ದು ಮನುಷ್ಯನ ರಕ್ತ, ಅಡಗಲು ಒಂದು ಸಂದು. ಮಂಚದ ಕೀಲಾದರೂ ಸರಿ, ಫೋಮಿನ ಗವಸಿನ ಹೊಲಿಗೆಯಾದರೂ ಸರಿ.

ಡಸ್ಟ್ ಮೈಟ್ ಎಂಬ ಕಣ್ಣಿಗೆ ಕಾಣದ ಹುಳದ ಮಾತು ಬೇರೆ. ದಮ್ಮು, ಅಲರ್ಜಿ ಇರುವವರು ಹೆದರುವುದರಲ್ಲಿ ಅರ್ಥವಿದೆ. ಆದರೆ ಆ ಹುಳ ತಿನ್ನುವುದು ಹತ್ತಿಯನ್ನಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು. ಗಾಳಿಯಲ್ಲಿನ ತೇವವನ್ನು ಹೀರಿ ಬದುಕುತ್ತದೆ, ಒಣಗಿಸಿದರೆ ಸಾಯುತ್ತದೆ. ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯಬಹುದು. ದಪ್ಪ ಫೋಮನ್ನು ಹಾಗೆ ಬಿಸಿಲಿಗಿಟ್ಟರೆ ಫೋಮೇ ಹಾಳು.

ಬೆನ್ನುನೋವಿನವರಿಗೆ ಗಟ್ಟಿಯಾದ ‘ಆರ್ಥೋಪೆಡಿಕ್’ ಹಾಸಿಗೆಯೇ ಬೇಕು ಎನ್ನುವುದು ಅಂಗಡಿಯ ಮಾತು. ಸ್ಪೇನಿನಲ್ಲಿ 313 ಮಂದಿ ಸೊಂಟನೋವಿನವರ ಮೇಲೆ ನಡೆದ ಅಧ್ಯಯನವೊಂದು 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ತೀರ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿತನದ್ದರಲ್ಲಿ ಮಲಗಿದವರಿಗೆ ನೋವು ಹೆಚ್ಚು ಇಳಿದಿತ್ತು. ನೆಲದ ಮೇಲೆ ಚಾಪೆಯೇ ಸಾಕು ಎನ್ನುವ ನಮ್ಮ ಹಿರಿಯರಿಗೂ ಇದು ಉತ್ತರ. ಹದವಾಗಿ ತುಂಬಿದ ಹತ್ತಿಯಲ್ಲಿ ಆ ಮಧ್ಯಮ ಗಟ್ಟಿತನ ಸಿಗುತ್ತದೆ. ಇನ್ನು ಮೆಮೊರಿ ಫೋಮ್ ನಾಸಾದ ತಂತ್ರಜ್ಞಾನವಂತೆ! ನಿಜ, 1966ರಲ್ಲಿ ವಿಮಾನದ ಸೀಟಿನ ಮೆತ್ತೆಗೆಂದು ಹುಟ್ಟಿದ್ದು ಅದು. ಮೈಯ ಬಿಸಿಗೆ ಮೆತ್ತಗಾಗಿ ಮೈಗೆ ಅಂಟಿಕೊಳ್ಳುವುದು ಅದರ ಗುಣ. ರಾಯಚೂರಿನ ಏಪ್ರಿಲ್ ರಾತ್ರಿಯಲ್ಲಿ ಆ ಗುಣ ಯಾರಿಗೆ ಬೇಕು?

‘ಹತ್ತಿ ಗಂಟು ಕಟ್ಟುತ್ತದೆ, ನಡುವೆ ತಗ್ಗು ಬೀಳುತ್ತದೆ.’ ಹೌದು, ಬೀಳುತ್ತದೆ. ಫೋಮಿಗೂ ಬೀಳುತ್ತದೆ. ಆಮೇಲೆ ಏನು ಮಾಡುತ್ತೀರಿ ಎಂಬುದೇ ಪ್ರಶ್ನೆ. ಹತ್ತಿಯದಾದರೆ ಹೊಲಿಗೆ ಬಿಚ್ಚಿ, ಗವಸು ಒಗೆದು, ಅರಳೆಯನ್ನು ಹಿಂಜಿಸಿ, ಮತ್ತೆ ತುಂಬಿ ದಬ್ಬಣದಲ್ಲಿ ಹೊಲಿಸಬಹುದು. ಬಿಲ್ಲು ಹಿಡಿದು ಬೀದಿಗೆ ಬರುತ್ತಿದ್ದ ಪಿಂಜಾರರು ತಲೆಮಾರುಗಳಿಂದ ಮಾಡಿದ್ದು ಇದನ್ನೇ. ಈಗ ಆ ಕೆಲಸಕ್ಕೆ ಯಂತ್ರ ಬಂದಿದೆ, ಅಷ್ಟೇ. ತಗ್ಗು ಬಿದ್ದ ಫೋಮಿಗೆ ಹೆಚ್ಚಾಗಿ ಊರಾಚೆಯ ಕಸದ ಗುಡ್ಡೆಯೇ ಗತಿ. ಅದು ಪೆಟ್ರೋಲಿಯಂ ಮೂಲದ ಪಾಲಿಯುರೆಥೇನ್. ಮಣ್ಣಾಗದು. ಬೆಂಕಿ ಬಿದ್ದರೆ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ.

ಅವರ ಗಟ್ಟಿ ವಾದ ಹೊಲದ್ದು: ಹತ್ತಿಗೆ ಅಷ್ಟೊಂದು ಕೀಟನಾಶಕ ಸುರಿದು, ಅದನ್ನು ಪರಿಸರಸ್ನೇಹಿ ಎನ್ನುವುದು ಹೇಗೆ? ಇದನ್ನು ತಳ್ಳಿಹಾಕಲಾರೆ. 2002ರಲ್ಲಿ ಹುಳು ತಡೆಯುವ ಬಿಟಿ ಹತ್ತಿ ಬಂದ ಮೇಲೂ ಸಿಂಪಡಣೆ ನಿಂತಿಲ್ಲ. ಆದರೆ ಹಾಸಿಗೆಗೆ ಬೇಕಾದದ್ದು ನೂಲಿಗೆ ಬೇಕಾದ ಉದ್ದ ಎಳೆಯಲ್ಲ. ಧಾರವಾಡ ಕಡೆಯ ಕಪ್ಪುಮಣ್ಣಿನಲ್ಲಿ ಮಳೆ ನೀರಿಗೇ ಬೆಳೆಯುವ ಜಯಧರದಂಥ ನಾಟಿ ಹತ್ತಿಯ ಗಿಡ್ಡ ಎಳೆ ಇದಕ್ಕೆ ಸಾಕು. ನೂಲಿನ ಗಿರಣಿಯಲ್ಲಿ ಉಳಿಯುವ ಗಿಡ್ಡ ಎಳೆಯೂ ನಡೆಯುತ್ತದೆ. ಒಮ್ಮೆ ಕೊಂಡ ಅರಳೆ ಹಿಂಜಿದಷ್ಟು ಸಲ ಕೆಲಸಕ್ಕೆ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಂದು ಕಡೆ ಮಾತ್ರ ನಾನು ಎದುರಾಳಿಗಳ ಜೊತೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹತ್ತಿ ತೇವ ಕುಡಿದು ಬೂಸ್ಟು ಹಿಡಿಯುತ್ತದೆ. ಬಿಸಿಲೇ ಬೀಳದ ಫ್ಲ್ಯಾಟಿನಲ್ಲೂ ಅದೇ ಕಷ್ಟ. ಅಂಥಲ್ಲಿ ತೆಂಗಿನ ನಾರಿನ ಹಾಸಿಗೆ, ಇಲ್ಲವೇ ಅಪ್ಪಟ ರಬ್ಬರ್ ಹಾಲಿನ ಲ್ಯಾಟೆಕ್ಸ್ ಕೊಳ್ಳಿ. ‘ನ್ಯಾಚುರಲ್’ ಎಂಬ ಚೀಟಿ ಅಂಟಿಸಿ ಕೃತಕ ರಬ್ಬರ್ ಬೆರೆಸಿ ಮಾರುವವರಿದ್ದಾರೆ, ಪ್ರಮಾಣಪತ್ರ ಕೇಳಿ ನೋಡಿ. ರಬ್ಬರ್ ಅಲರ್ಜಿ ಇದ್ದವರಿಗೆ ಲ್ಯಾಟೆಕ್ಸ್ ಬೇಡ. ಎಳೆಗೂಸುಗಳಿಗೆ ಯಾವ ಮೆತ್ತನೆಯ ಹಾಸಿಗೆಯೂ ಬೇಡ, ಸಪಾಟಾದ ಗಟ್ಟಿ ಹಾಸು ಬೇಕು.

ಹತ್ತಿ ಎಂದು ಪಾಲಿಯೆಸ್ಟರ್ ತುಂಬಿ ಕೊಡುವುದೂ ಉಂಟು. ಒಂದು ಚಿಟಿಕೆ ಕಿತ್ತು ಹೊರಗೆ ಕಡ್ಡಿ ಗೀರಿ ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಗೆ ಬಿಚ್ಚಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಹಾಸಿಗೆ ಕೊಳ್ಳಬೇಡಿ.