ಕಾರಿನ ಎಣ್ಣೆ ತೆಗೆಯಲು ಯಾವ ಪಂಪು?

ಕಾರಿನ ಎಂಜಿನ್ ಆಯಿಲನ್ನು ಮನೆಯಲ್ಲೇ ಬದಲಿಸಬಹುದೇ ಎಂದು ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಹೆಚ್ಚಿನವರು ನನ್ನ ಹಾಗೆ ನಿವೃತ್ತರು. ಹತ್ತು ಹನ್ನೆರಡು ವರ್ಷ ಹಳೆಯ ಸಣ್ಣ ಕಾರು. ತಿಂಗಳಿಗೆ ನಾಲ್ಕು ಸಲ ದೇವಸ್ಥಾನ, ಎರಡು ಸಲ ಆಸ್ಪತ್ರೆ, ವರ್ಷಕ್ಕೊಮ್ಮೆ ಊರಿನ ಜಾತ್ರೆ. ಕೈಯಲ್ಲಿ ಸಮಯವಿದೆ, ಹಿಂದೆ ಸ್ಕೂಟರಿನ ಪ್ಲಗ್ ಬಿಚ್ಚಿ ಉಜ್ಜಿ ಹಾಕಿದ ಅನುಭವವೂ ಇದೆ. ಧಾರಾಳವಾಗಿ ಬದಲಿಸಿ ಎಂದೇ ನಾನು ಹೇಳುತ್ತೇನೆ. ಒಂದೇ ಷರತ್ತು: ಕಾರಿನ ಕೆಳಗೆ ಮಲಗಬಾರದು.

ಡಿಕ್ಕಿಯಲ್ಲಿ ಕಾರಿನ ಜೊತೆ ಬರುವ ಜಾಕ್ ಇರುವುದು ಪಂಕ್ಚರ್ ಆದ ಚಕ್ರ ಬದಲಿಸುವುದಕ್ಕೆ. ಅದನ್ನು ನಂಬಿ ಕೆಳಗೆ ನುಗ್ಗಬೇಡಿ ಎಂದು ಕಾರಿನ ಕೈಪಿಡಿಯಲ್ಲೇ ಬರೆದಿರುತ್ತಾರೆ. ಸಣ್ಣ ಕಾರು ಎಂದರೂ ಏಳೆಂಟು ನೂರು ಕಿಲೋ. ನೆಲ ತುಸು ಇಳಿಜಾರಾಗಿದ್ದರೆ, ಹ್ಯಾಂಡ್ ಬ್ರೇಕ್ ಸಡಿಲವಾಗಿದ್ದರೆ, ಜಾಕಿನ ಪಾದ ಮಣ್ಣಿನಲ್ಲಿ ಕುಸಿದರೆ, ಎದ್ದು ಬರಲು ಕ್ಷಣದ ಸಮಯವೂ ಸಿಗುವುದಿಲ್ಲ. ಎಪ್ಪತ್ತು ದಾಟಿದವರಿಗಂತೂ ಮಲಗಿದರೆ ಏಳುವುದೇ ಒಂದು ಕಾರ್ಯಕ್ರಮ. ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಭಯ: ತಾತ ಏನೋ ಮಾಡುತ್ತಿದ್ದಾರೆ ಎಂದರೆ ಪಕ್ಕದಲ್ಲೇ ಬಗ್ಗಿ ತಲೆ ಹಾಕುತ್ತಾರೆ.

ಹಾಗಾದರೆ ಎಣ್ಣೆ ತೆಗೆಯುವುದು ಹೇಗೆ? ಮೇಲಿನಿಂದ. ಬಾನೆಟ್ ಎತ್ತಿದರೆ ಎಣ್ಣೆಯ ಮಟ್ಟ ನೋಡುವ ಉದ್ದನೆಯ ಕಡ್ಡಿ ಇರುತ್ತದಲ್ಲ, ಡಿಪ್‌ಸ್ಟಿಕ್, ಅದು ಒಂದು ಸಣ್ಣ ಕೊಳವೆಯ ಮೂಲಕ ಎಂಜಿನ್ನಿನ ತಳದವರೆಗೆ ಇಳಿದಿರುತ್ತದೆ. ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಯನ್ನು ಮೆಕ್ಯಾನಿಕ್‌ಗಳು ಚೇಂಬರ್ ಎನ್ನುತ್ತಾರೆ, ಪುಸ್ತಕದಲ್ಲಿ ಸಂಪ್ ಎಂದಿರುತ್ತದೆ. ನಮ್ಮ ಮನೆಗಳ ಮುಂದೆ ನೀರು ತುಂಬಿಸುವ ಸಂಪು ಇದೆಯಲ್ಲ, ಅದೇ ಹೆಸರು, ಅದೇ ಕೆಲಸ. ಕಡ್ಡಿ ತೆಗೆದು, ಅದೇ ದಾರಿಯಲ್ಲಿ ಸಪೂರ ಪೈಪು ಇಳಿಸಿ, ಪಂಪಿನಿಂದ ಹಳೇ ಎಣ್ಣೆ ಎಳೆದುಕೊಳ್ಳುವುದು. ಇದು ಹೊಸ ಉಪಾಯವೇನಲ್ಲ. ದೋಣಿಯ ಹೊಟ್ಟೆಯೊಳಗೆ ಕೂರಿಸಿದ ಎಂಜಿನ್ನಿನ ಅಡಿಗೆ ಕೈ ಹಾಕಲು ಜಾಗವೇ ಇರುವುದಿಲ್ಲವಾದ್ದರಿಂದ ಅಲ್ಲಿ ಇದು ಬಹಳ ಕಾಲದಿಂದ ನಡೆದು ಬಂದ ಪದ್ಧತಿ.

ಪಂಪಿಗೆ ಹಣ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಬಾನೆಟ್ ಎತ್ತಿ ಆಯಿಲ್ ಫಿಲ್ಟರ್ ಎಲ್ಲಿದೆ ನೋಡಿ. ಎಣ್ಣೆ ಬದಲಿಸುವಾಗ ಫಿಲ್ಟರನ್ನೂ ಬದಲಿಸಬೇಕು. ಕೆಲವು ಕಾರುಗಳಲ್ಲಿ ಅದು ಮೇಲಿಂದ ಕೈಗೆ ಎಟುಕುತ್ತದೆ. ಎಷ್ಟೋ ಕಾರುಗಳಲ್ಲಿ ಕೆಳಗಿನಿಂದಲೇ ಬಿಚ್ಚಬೇಕು. ನಿಮ್ಮದು ಎರಡನೆಯ ಜಾತಿಯದಾದರೆ ಪಂಪು ಕೊಂಡೂ ಪ್ರಯೋಜನ ಅರ್ಧವೇ. ಸುಮ್ಮನೆ ಗ್ಯಾರೇಜಿಗೆ ಹೋಗಿ, ಅವರ ಗುಂಡಿಯ ಮೇಲೆ ನಿಲ್ಲಿಸಿ ಮಾಡಿಸಿಕೊಳ್ಳಿ. ವಾರಂಟಿ ಮುಗಿಯದ ಹೊಸ ಕಾರಿಗೂ ಇದೇ ಮಾತು. ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳೂ ಬಂದಿವೆ, ಅವುಗಳ ತಂಟೆ ನಮಗೆ ಬೇಡ. ಪುಣ್ಯಕ್ಕೆ ನಮ್ಮ ಮನೆಯ ಕಾರಿನ ಫಿಲ್ಟರ್ ಮೇಲಿಂದಲೇ ಸಿಗುತ್ತದೆ.

ಇನ್ನು ಪಂಪು. ಅಂಗಡಿಯವರು ‘ಪವರ್’ ಎಂಬ ಮಾತನ್ನೇ ಮುಂದಿಡುತ್ತಾರೆ. ಅದನ್ನು ಅಳೆದು ನೋಡಲು ಏಳನೇ ತರಗತಿಯ ನನ್ನ ಮೊಮ್ಮಗಳ ಸಹಾಯ ಪಡೆದೆ, ಏಕೆಂದರೆ ಬಿ.ಕಾಂ.ನಲ್ಲಿ ನಮಗೆ ಭೌತಶಾಸ್ತ್ರ ಹೇಳಿಕೊಡಲಿಲ್ಲ.

“ತಾತ, ಪಂಪು ಎಣ್ಣೆನ ಹೀರಲ್ಲ. ಹೊರಗಿನ ಗಾಳಿ ಅದನ್ನ ಮೇಲಕ್ಕೆ ತಳ್ಳುತ್ತೆ” ಎಂದಳು.

ಅವಳು ಹೇಳಿದ್ದು ಸರಿ. ಪಂಪು ಮಾಡುವುದು ಪೈಪಿನೊಳಗಿನ ಗಾಳಿಯನ್ನು ಕಡಿಮೆ ಮಾಡುವ ಕೆಲಸ ಮಾತ್ರ. ಎಣ್ಣೆಯ ಮೇಲೆ ಕೂತಿರುವ ವಾತಾವರಣದ ಗಾಳಿ ಅದನ್ನು ಪೈಪಿನೊಳಕ್ಕೆ ಒತ್ತುತ್ತದೆ. ಇಟಲಿಯ ಟಾರಿಚೆಲ್ಲಿ 1643ರಲ್ಲಿ ಪಾದರಸ ಇಟ್ಟುಕೊಂಡು ತೋರಿಸಿದ್ದು ಇದನ್ನೇ. ಈ ಗಾಳಿ ನೀರನ್ನು ಹೆಚ್ಚೆಂದರೆ ಸುಮಾರು 10 ಮೀಟರ್ ಎತ್ತಬಲ್ಲದು, ಅದಕ್ಕಿಂತ ಹೆಚ್ಚಿಲ್ಲ. ಹಳ್ಳಿಯಲ್ಲಿ ತೆರೆದ ಬಾವಿಯ ನೀರು ಆಳಕ್ಕಿಳಿದಾಗ ಪಂಪನ್ನೇ ಬಾವಿಯೊಳಕ್ಕೆ ಇಳಿಸಿ ಕೂರಿಸುತ್ತಿದ್ದುದು ಏಕೆಂದು ನನಗೆ ಗೊತ್ತಾದದ್ದು ಈ ವಯಸ್ಸಿನಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ಆದರೂ ಚಿಂತೆಯಿಲ್ಲ. ಕಾರಿನ ಚೇಂಬರಿನಿಂದ ಡಿಪ್‌ಸ್ಟಿಕ್ ಬಾಯಿಯವರೆಗೆ ಒಂದು ಮೀಟರೂ ಇರುವುದಿಲ್ಲ. ಅಷ್ಟು ಎತ್ತರಕ್ಕೆ ಯಾವ ಸಾಧಾರಣ ಪಂಪಾದರೂ ಸಾಕು.

ಹಾಗಿದ್ದರೆ ಒಂದು ಪಂಪು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಇನ್ನೊಂದು ಒಂದು ಗಂಟೆ ತೆಗೆದುಕೊಳ್ಳುವುದೇಕೆ? ನಮ್ಮ ರಸ್ತೆ ತಿರುವಿನ ಮೆಕ್ಯಾನಿಕ್ ಅದನ್ನು ಒಂದೇ ಮಾತಿನಲ್ಲಿ ಹೇಳಿದ: “ಸಾರ್, ಪಂಪ್ ಯಾವ್ದಾದ್ರೂ ಇರ್ಲಿ, ಪೈಪ್ ನೋಡಿ ತಗೊಳಿ.”

ಈ ಪೈಪಿನ ಲೆಕ್ಕವನ್ನು 19ನೇ ಶತಮಾನದಲ್ಲಿ ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯ ಮಾಡಿಟ್ಟಿದ್ದಾನೆ. ರಕ್ತ ಸಣ್ಣ ನಾಳಗಳಲ್ಲಿ ಹೇಗೆ ಹರಿಯುತ್ತದೆ ಎಂದು ತಿಳಿಯಲು ಹೊರಟವನು ಅವನು. ಅವನ ಲೆಕ್ಕದ ಪ್ರಕಾರ ಹರಿವು ಕೊಳವೆಯ ಅಗಲದ ನಾಲ್ಕನೇ ಘಾತದಂತೆ ಏರುತ್ತದೆ. ಮಕ್ಕಳೇ, ಪೆನ್ಸಿಲ್ ಹಿಡಿಯಿರಿ. ಒಂದು ಪೈಪಿನ ಒಳ ಅಗಲ 4 ಮಿಲಿಮೀಟರ್, ಇನ್ನೊಂದರದು 6. ಅಂದರೆ ಒಂದೂವರೆ ಪಟ್ಟು. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ 2.25. ಅದನ್ನು ಮತ್ತೆ ಅದರಿಂದಲೇ ಗುಣಿಸಿದರೆ 5.06. ಬರೀ 2 ಮಿಲಿಮೀಟರ್ ಹೆಚ್ಚಾದದ್ದಕ್ಕೆ ಐದು ಪಟ್ಟು ಎಣ್ಣೆ! ಪೈಪಿನ ಉದ್ದ, ಎಳೆತ, ಎಣ್ಣೆಯ ಬಿಸಿ ಎಲ್ಲ ಒಂದೇ ಇದ್ದರೆ ಐವತ್ತು ನಿಮಿಷದ ಕೆಲಸ ಹತ್ತು ನಿಮಿಷಕ್ಕೆ ಇಳಿಯಿತು. ನನ್ನ ವಯಸ್ಸಿನವರಿಗೆ ಹೃದಯದ ಡಾಕ್ಟರು ಹೆದರಿಸುವುದೂ ಇದೇ ಲೆಕ್ಕದಿಂದ.

ಎಣ್ಣೆಯ ಬಿಸಿಯೂ ಇಷ್ಟೇ ಮುಖ್ಯ. ಜೋನಿಬೆಲ್ಲವನ್ನು ಚಳಿಗಾಲದ ಬೆಳಿಗ್ಗೆ ಡಬ್ಬದಿಂದ ಸುರಿದವರಿಗೆ ವಿವರಿಸಬೇಕಿಲ್ಲ. ಎಂಜಿನ್ ಆಯಿಲ್ 40 ಡಿಗ್ರಿಯಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಐದಾರು ಪಟ್ಟು ತೆಳುವಾಗಿರುತ್ತದೆ. ಹಾಗೆಂದು ಕುದಿಯುವಷ್ಟು ಬಿಸಿಯಲ್ಲಿ ತೆಗೆಯಬೇಡಿ. ಕೈ ಸುಡುತ್ತದೆ, ಪಂಪಿನ ಪ್ಲಾಸ್ಟಿಕ್ಕೂ ಮೆತ್ತಗಾಗುತ್ತದೆ. ಎಷ್ಟು ಬಿಸಿ ತಾಳುತ್ತದೆ ಎಂದು ಅದರ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ನಾನು ಬಡಾವಣೆಯ ಸುತ್ತ ಒಂದು ಸುತ್ತು ಹೊಡೆದು ಬಂದು, ಎಂಜಿನ್ ಆರಿಸಿ, ಒಂದು ಲೋಟ ಕಾಫಿ ಕುಡಿದು ಆಮೇಲೆ ಕೈ ಹಚ್ಚುತ್ತೇನೆ.

ಪಂಪುಗಳಲ್ಲಿ ಮೂರು ಬಗೆ. ದೊಡ್ಡ ಸಿರಿಂಜು ಎಲ್ಲಕ್ಕಿಂತ ಅಗ್ಗ. 100 ಮಿಲಿಲೀಟರಿನ ಸಿರಿಂಜಿನಲ್ಲಿ 3 ಲೀಟರ್ ತೆಗೆಯಲು ಮೂವತ್ತು ಸಲ ಎಳೆದು ಮೂವತ್ತು ಸಲ ಚೆಲ್ಲಬೇಕು. ಹೆಚ್ಚಾಗಿ ಸುರಿದ ಎಣ್ಣೆಯನ್ನು ಸ್ವಲ್ಪ ತೆಗೆಯುವುದಕ್ಕೆ ಸರಿ, ಪೂರ್ತಿ ಕೆಲಸಕ್ಕೆ ಅಲ್ಲ.

ಎರಡನೆಯದು ಕಾರಿನ ಬ್ಯಾಟರಿಗೆ ಕ್ಲಿಪ್ ಹಾಕಿ ಓಡಿಸುವ 12 ವೋಲ್ಟಿನ ಪುಟ್ಟ ಮೋಟಾರು. ನೋಡಲು ಮುದ್ದಾಗಿದೆ, ಗುಂಯ್ ಎನ್ನುತ್ತದೆ, ಮೊಮ್ಮಗಳು ಅದನ್ನೇ ಕೊಳ್ಳೋಣ ಎಂದಳು. ಪೆಟ್ಟಿಗೆಯ ಮೇಲೆ ನಿಮಿಷಕ್ಕೆ ಇಷ್ಟು ಲೀಟರ್ ಎಂದು ದೊಡ್ಡದಾಗಿ ಬರೆದಿದ್ದರೆ ಅದು ಯಾವ ಎಣ್ಣೆಗೆ ಎಂದು ಓದಿ. ತೆಳುವಾದ ಡೀಸೆಲ್‌ಗೆ ಒಂದು ಅಂಕಿ, ಎಂಜಿನ್ ಆಯಿಲ್‌ಗೆ ಅದಕ್ಕಿಂತ ಬಹಳ ಸಣ್ಣ ಇನ್ನೊಂದು ಅಂಕಿ ಇರುತ್ತದೆ. ಹೆಚ್ಚು ಹೊತ್ತು ಒಂದೇ ಸಮನೆ ಓಡಿಸಿದರೆ ಮೋಟಾರು ಕಾಯುತ್ತದೆ. ಎಣ್ಣೆ ಮುಗಿದ ಮೇಲೂ ಓಡುತ್ತಿದ್ದರೆ ಇನ್ನೂ ಕೆಟ್ಟದು. ಇದರಿಂದ ಪೆಟ್ರೋಲ್ ತೆಗೆಯುವ ಸಾಹಸಕ್ಕಂತೂ ಯಾರೂ ಕೈ ಹಾಕಬಾರದು. ಮೋಟಾರಿನ ಒಂದು ಕಿಡಿ ಸಾಕು.

ಮೂರನೆಯದು ಕೈಯಿಂದ ಒತ್ತುವ ಡಬ್ಬ. ಗಿಡಗಳಿಗೆ ಔಷಧಿ ಹೊಡೆಯುವ ಡಬ್ಬದ ಹಾಗೇ ಇರುತ್ತದೆ, ಕೆಲಸ ಮಾತ್ರ ಅದರ ತಿರುವುಮುರುವು. ಹಿಡಿಯನ್ನು ಹತ್ತು ಹದಿನೈದು ಸಲ ಎಳೆದು ಒತ್ತಿದರೆ ಡಬ್ಬದೊಳಗಿನ ಗಾಳಿ ಹೊರಗೆ ಹೋಗುತ್ತದೆ, ಆಮೇಲೆ ಎಣ್ಣೆ ತಾನಾಗಿ ಬಂದು ಬೀಳುತ್ತಿರುತ್ತದೆ. ನಡುವೆ ಮತ್ತೊಮ್ಮೆ ನಾಲ್ಕು ಸಲ ಒತ್ತಬೇಕಾಗಬಹುದು. ವಿದ್ಯುತ್ತು ಬೇಡ, ಕಿಡಿಯಿಲ್ಲ, ಸದ್ದಿಲ್ಲ, ಕೆಡುವಂಥದ್ದೂ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಡಬ್ಬದ ಮೈಮೇಲೆ ಲೀಟರಿನ ಗೆರೆಗಳಿರುತ್ತವೆ. ನನ್ನ ಮತ ಇದಕ್ಕೆ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಸುಮಾರು 3 ಲೀಟರ್ ಎಣ್ಣೆಯಿದ್ದರೆ ದೊಡ್ಡ ಡೀಸೆಲ್ ಗಾಡಿಗಳಲ್ಲಿ 5, 6 ಲೀಟರ್ ಇರುತ್ತದೆ. ಹಾಗಾಗಿ 6 ಲೀಟರಿಗೆ ಕಡಿಮೆಯಿಲ್ಲದ ಡಬ್ಬ ನೋಡಿ. ವರ್ಷಕ್ಕೊಂದು ಸಲದ ಕೆಲಸಕ್ಕೆ ಒಂದೇ ಮನೆಯವರು ಕೊಂಡರೆ ಹಾಕಿದ ಹಣ ಹುಟ್ಟುವುದು ನಿಧಾನ. ನಾವು ಮೂರು ಮನೆಯವರು ಸೇರಿ ಕೊಂಡೆವು.

ಅಂಗಡಿಗೆ ಹೋಗುವಾಗ ಡಿಪ್‌ಸ್ಟಿಕ್ಕಿನ ಉದ್ದ ಮತ್ತು ಅದರ ಕೊಳವೆಯ ಬಾಯಿಯ ಅಗಲ ಬರೆದುಕೊಂಡು ಹೋಗಿ. ಆ ಬಾಯಿಯಲ್ಲಿ ಇಳಿಯುವ ಪೈಪುಗಳಲ್ಲಿ ಅತಿ ದಪ್ಪನೆಯದು ನಿಮ್ಮ ಪೈಪು. ಬೆರಳಿನಿಂದ ಹಿಸುಕಿ ನೋಡಿ. ತೀರಾ ಮೆತ್ತಗಿದ್ದರೆ ಬಿಸಿ ಎಣ್ಣೆಗೂ ಎಳೆತಕ್ಕೂ ಸಿಕ್ಕಿ ಒಳಗೇ ಅಂಟಿಕೊಳ್ಳುತ್ತದೆ. ತೀರಾ ಗಡುಸಾಗಿದ್ದರೆ ತಿರುವಿನಲ್ಲಿ ಇಳಿಯುವುದಿಲ್ಲ. ತುದಿಯನ್ನು ಓರೆಯಾಗಿ ಕತ್ತರಿಸಿರಬೇಕು, ಇಲ್ಲವಾದರೆ ಚೇಂಬರಿನ ತಳಕ್ಕೆ ಮುತ್ತಿಟ್ಟು ಬಾಯಿ ಮುಚ್ಚಿಕೊಳ್ಳುತ್ತದೆ. ಮನೆಗೆ ತಂದು ಪೈಪನ್ನು ಡಿಪ್‌ಸ್ಟಿಕ್ಕಿನ ಪಕ್ಕ ಮಲಗಿಸಿ, ಅದೇ ಉದ್ದಕ್ಕೆ ಒಂದು ಟೇಪು ಸುತ್ತಿ. ಇಳಿಸುವಾಗ ಟೇಪು ದಾಟಿ ಸ್ವಲ್ಪ ಒಳಗೆ ಹೋಗಿ ನೆಲ ಮುಟ್ಟಿದ ಅನುಭವವಾಗಬೇಕು. ಇನ್ನೂ ತಳ್ಳುತ್ತಾ ಹೋದರೆ ತುದಿ ಹಾವಿನ ಹೆಡೆಯಂತೆ ಮೇಲೆದ್ದು ಬರೀ ಗಾಳಿ ಎಳೆಯುತ್ತದೆ.

ಇನ್ನು ನನ್ನ ಹಳೆಯ ವೃತ್ತಿಯ ಭಾಗ. ಬ್ಯಾಂಕಿನಲ್ಲಿ ನಗದು ಕೌಂಟರಿನವನು ಲೆಕ್ಕ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಪಂಪಿನಿಂದ ಎಣ್ಣೆ ತೆಗೆಯುವವರಿಗೂ ಈ ಶಿಸ್ತು ಬೇಕೇ ಬೇಕು, ಏಕೆಂದರೆ ಒಳಗೆ ಎಷ್ಟು ಉಳಿಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ತೆಗೆಯುವ ಮುಂಚೆ ಡಿಪ್‌ಸ್ಟಿಕ್ ನೋಡಿ ಬರೆದಿಡಿ. ಅದು ಆರಂಭಿಕ ಶಿಲ್ಕು. ನಮ್ಮ ಕಾರಿನ ಕೈಪಿಡಿ ಹೇಳುವುದು ಫಿಲ್ಟರೂ ಸೇರಿ 3 ಲೀಟರ್. ಮಟ್ಟ ಮೇಲಿನ ಗುರುತಿನಲ್ಲೇ ಇತ್ತು. ಡಬ್ಬದಲ್ಲಿ ಬಂದದ್ದು 2 ಲೀಟರ್ 700 ಮಿಲಿ, ಫಿಲ್ಟರ್ ಬೋರಲು ಹಾಕಿದಾಗ 200 ಮಿಲಿಗೆ ಸ್ವಲ್ಪ ಕಡಿಮೆ. ಉಳಿದ ನೂರು ಚಿಲ್ಲರೆ ಮಿಲಿ ಎಂಜಿನ್ನಿನ ಮೈಗೆ ಅಂಟಿಕೊಂಡದ್ದು. ಲೆಕ್ಕ ಒಪ್ಪಿತು.

ಬಂದದ್ದು ಎರಡೇ ಲೀಟರ್ ಆಗಿದ್ದರೆ? ಪೈಪು ತಳ ಮುಟ್ಟಿಲ್ಲ ಎಂದರ್ಥ. ಆಗ ಕೈಪಿಡಿಯಲ್ಲಿದೆ ಎಂದು 3 ಲೀಟರ್ ಹೊಸ ಎಣ್ಣೆ ಸುರಿದರೆ ಒಳಗೆ ಸುಮಾರು 4 ಲೀಟರ್ ಆಗುತ್ತದೆ. ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ. ನೊರೆ ಎಂದರೆ ಗಾಳಿ. ಗಾಳಿಯಿಂದ ಬೇರಿಂಗುಗಳಿಗೆ ರಕ್ಷಣೆ ಸಿಗುವುದಿಲ್ಲ. ದುಬಾರಿ ಎಂಜಿನ್ ಕೆಲಸ ಇಲ್ಲಿಂದ ಶುರುವಾಗಬಹುದು. ಹಾಗಾಗಿ ಪೈಪನ್ನು ಮೇಲೆ ಕೆಳಗೆ ಆಡಿಸಿ, ತಿರುಗಿಸಿ, ಮತ್ತೆ ಎಳೆಯಿರಿ. ಹೊಸದನ್ನು ಹಾಕುವಾಗಲೂ ಅರ್ಧ ಲೀಟರ್ ತಡೆದು ಹಾಕಿ, ಎಂಜಿನ್ ಒಂದು ನಿಮಿಷ ಓಡಿಸಿ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಬಿಟ್ಟು, ಡಿಪ್‌ಸ್ಟಿಕ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ಸೇರಿಸಿ. ಎಷ್ಟು ಸಲ ಪ್ರಯತ್ನಿಸಿದರೂ ತಾಳೆಯಾಗದ ಕಾರುಗಳಿವೆ. ಅವುಗಳ ಒಳಗೆ ಪೈಪು ತಳಕ್ಕೆ ಹೋಗದಂತೆ ಏನೋ ಅಡ್ಡ ಇರುತ್ತದೆ. ಅಂಥ ಕಾರಿಗೆ ಗ್ಯಾರೇಜೇ ಸರಿ. ತಾಳೆಯಾಗುವ ಕಾರನ್ನೂ ಎರಡು ಮೂರು ಸಲಕ್ಕೊಮ್ಮೆ ಗ್ಯಾರೇಜಿನಲ್ಲಿ ಕೆಳಗಿನ ನಟ್ಟು ಬಿಚ್ಚಿಸಿ ತಳದ ಕೆಸರು ಹೊರಹಾಕಿಸುವುದು ಒಳ್ಳೆಯದು.

ಹಳೇ ಎಣ್ಣೆ ಏನು ಮಾಡುವುದು ಎಂಬುದನ್ನು ಪಂಪು ಕೊಳ್ಳುವ ಮೊದಲೇ ಯೋಚಿಸಬೇಕು. ನಮ್ಮ ಮನೆ ಮುಂದಿನ ಮಳೆನೀರಿನ ಚರಂಡಿ ರಾಜಕಾಲುವೆ ಸೇರುತ್ತದೆ, ರಾಜಕಾಲುವೆ ಕೆರೆ ಸೇರುತ್ತದೆ. ಅಲ್ಲಿ ಚೆಲ್ಲುವ ಮಾತೇ ಇಲ್ಲ. ಗೆದ್ದಲಿಗೆ ಒಳ್ಳೆಯದು, ಬೇಲಿಯ ಕಂಬಕ್ಕೆ ಬಳಿಯಿರಿ ಎನ್ನುವವರಿದ್ದಾರೆ. ಬಳಿದದ್ದು ಮಳೆಗೆ ಮಣ್ಣಿಗಿಳಿಯುತ್ತದೆ, ಮುಟ್ಟಿದ ಮಕ್ಕಳ ಕೈಗೂ ಹತ್ತುತ್ತದೆ. ಬಳಸಿದ ಎಂಜಿನ್ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ, ಆದ್ದರಿಂದಲೇ ಕೈಗವಸು ಹಾಕಿಕೊಳ್ಳುವುದು. 2016ರ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರು ಇದನ್ನು ಶುದ್ಧ ಮಾಡಿ ಮತ್ತೆ ಬಳಕೆಗೆ ತರುತ್ತಾರೆ. ದೊಡ್ಡ ಸರ್ವೀಸ್ ಸೆಂಟರುಗಳಲ್ಲಿ ಅಂಥವರಿಗೆ ಕೊಡಲು ಡ್ರಮ್ಮು ಇಟ್ಟಿರುತ್ತಾರೆ. ನಮ್ಮ ಮನೆಯ ಮೂರು ಲೀಟರನ್ನು ಅದರಲ್ಲಿ ಹಾಕಿಕೊಳ್ಳುತ್ತೀರಾ ಎಂದು ಮೊದಲೇ ಕೇಳಿ ಒಪ್ಪಿಸಿಕೊಂಡಿರಬೇಕು.

ನಾನು ಹೊಸ ಎಣ್ಣೆ ಬಂದ ಡಬ್ಬದಲ್ಲೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ತಾರೀಖು, ಕಿಲೋಮೀಟರ್, ಪ್ರಮಾಣ ಬರೆದ ಚೀಟಿ ಅಂಟಿಸಿ ಒಯ್ಯುತ್ತೇನೆ. ನೀರು, ಕೂಲೆಂಟ್, ಬ್ರೇಕ್ ಆಯಿಲ್ ಯಾವುದನ್ನೂ ಬೆರೆಸುವುದಿಲ್ಲ. ಕಳೆದ ಸಲ ಡ್ರಮ್ಮಿಗೆ ಸುರಿಯುತ್ತಿದ್ದ ಹುಡುಗ ಚೀಟಿಯನ್ನು ಎರಡು ಸಲ ಓದಿ, “ಸಾರ್, ಇದಕ್ಕೆ ರಸೀದಿ ಬೇಕಾ?” ಎಂದು ಕೇಳಿದ.