ಸಾಲಿಯ ನಕ್ಷೆ ಯಾರು ಬರೆಯಬೇಕು?

ಶಾಲೆಯ ಲೆಕ್ಕ ನಮಗೆ ಸಲೀಸು. ಕೋಣೆ ಎಷ್ಟು, ಶೌಚಾಲಯ ಎಷ್ಟು, ಕಾಂಪೌಂಡು ಇದೆಯೋ ಇಲ್ಲವೋ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೂ ಇಂಥವನ್ನೇ ಕೇಳುತ್ತದೆ. ಸೇಡಂ, ಚಿಂಚೋಳಿ ಕಡೆ ಇವನ್ನು ಇವತ್ತಿಗೂ ಕೇಳಲೇಬೇಕು. ಆದರೆ ಮಕ್ಕಳ ಸಾಲಿ ಈ ಪಟ್ಟಿಗೆ ದಕ್ಕುವುದಿಲ್ಲ.

ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತ ನೆಲದಡಿ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆ ಬಂದದ್ದೂ ಅದಕ್ಕೇ, ಮನೆಗೂ ಸಾಲಿಗೂ ಫರಸಿ ಹಾಸಿದ್ದೂ ಅದಕ್ಕೇ. ದೊಡ್ಡವರು ಅದನ್ನು ತುಳಿದು ಹೋಗುತ್ತಾರೆ. ಒಂದನೇ ತರಗತಿಯ ಹುಡುಗಿಗೆ ಅದು ಆಸ್ತಿ; ಪಕ್ಕದವಳ ಮೊಣಕಾಲು ಎರಡು ಕಲ್ಲಿನ ನಡುವಿನ ಸಂದು ದಾಟಿತೋ, ಜಗಳ. ಅದೇ ಕಲ್ಲು ಪಾಟಿಯೂ ಹೌದು. ಬಳಪದಲ್ಲಿ ಬರೆದು, ಅಂಗೈಯಲ್ಲಿ ಒರೆಸಿ, ಅಂಗೈಯನ್ನು ಲಂಗಕ್ಕೆ ಒರೆಸಿದರಾಯಿತು. ಒಡೆದ ಚೂರು ಅಂಗಳದ ಕುಂಟಾಟಕ್ಕೆ ಬಿಲ್ಲೆ. ನಲಿಕಲಿ ಕೋಣೆಗಳಲ್ಲಿ ಮಕ್ಕಳ ಕೈಗೆಟುಕುವಂತೆ ಗೋಡೆಹಲಗೆ ಮಾಡಿಸಿದವರಿಗೆ ಇದು ಗೊತ್ತಿತ್ತು. ಗೋಡೆಗೆ ರೈಲು ಬೋಗಿಯ ಬಣ್ಣ ಬಳಿಸುವವರ ಬಗ್ಗೆ ಹಾಗೆ ಹೇಳಲಾರೆ. 1874ರಿಂದ ಜಂಕ್ಷನ್ ಆಗಿರುವ ವಾಡಿಯ ಹುಡುಗರಿಗೆ ರೈಲಿನ ಚಿತ್ರದಲ್ಲಿ ಬೆರಗೇನು?

ಚಿಂಚೋಳಿಯ ತಾಂಡಾಗಳಲ್ಲಿ ಕೋಣೆಯೊಳಗೆ ಕನ್ನಡ, ಹೊಸ್ತಿಲಾಚೆ ಲಂಬಾಣಿ. ಒಳಗೆ ಬಾಯಿ ಬಿಡದ ಮಗು ಬೇವಿನ ಕಟ್ಟೆಯ ಮೇಲೆ ಹತ್ತು ಮಂದಿಗೆ ಹುಕುಂ ಕೊಡುತ್ತದೆ. ಅಪ್ಪ-ಅವ್ವನ ಜೊತೆ ದುಡಿಯಲು ಮುಂಬೈಗೋ ಹೈದರಾಬಾದಿಗೋ ಹೋಗಿ ತಿಂಗಳುಗಟ್ಟಲೆ ಕಳೆದು ಬಂದವನಿಗೆ ಮೊದಲು ಕಾಡುವುದು ತಪ್ಪಿಹೋದ ಪಾಠವಲ್ಲ. ತನ್ನ ಜಾಗದಲ್ಲಿ ಈಗ ಯಾರು ಕೂತಿದ್ದಾರೆ ಎಂಬುದು.

ಅಂಜಿಕೆಯ ಜಾಗಗಳೂ ಉಂಟು. ಚಿಲಕವಿಲ್ಲದ ಶೌಚಾಲಯ ಕಾಗದದಲ್ಲಿ ‘ಇದೆ’. ಹುಡುಗಿಯರ ಪಾಲಿಗೆ ಇಲ್ಲ.

2022ರಲ್ಲಿ ವಿವೇಕ ಯೋಜನೆಯ ಶಾಲಾ ಕೊಠಡಿಗಳಿಗೆ ಕೇಸರಿ ಬಳಿಯುವ ವಿಚಾರಕ್ಕೆ ರಾಜ್ಯವೆಲ್ಲ ವಾದ ಮಾಡಿತು. ಒಳಗೆ ಕೂಡುವವರ ಮಾತು ಮಾತ್ರ ಎಲ್ಲೂ ಕೇಳಿಬರಲಿಲ್ಲ. ಮಕ್ಕಳ ಮಾತು ಕೇಳಲೆಂದೇ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಇದೆ. ಹಾರ, ಭಾಷಣ ಮುಗಿದ ಮೇಲೆ ಮಕ್ಕಳಿಗೆ ಉಳಿಯುವ ಹೊತ್ತು ಮಾತ್ರ ಕಡಿಮೆ.

ಶಿಕ್ಷಕ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮಕ್ಕಳ ಕೈಗೆ ಖಾಲಿ ಹಾಳೆ ಕೊಟ್ಟು ಅವರವರ ಸಾಲಿಯ ನಕ್ಷೆ ಬರೆಸಿ. ಎಲ್ಲಿ ಕೂಡಲು ಇಷ್ಟ, ಎಲ್ಲಿಗೆ ಹೋಗಲು ಅಂಜಿಕೆ, ಗುರುತು ಹಾಕಲಿ. ನೀವು ತಿದ್ದಬೇಡಿ. ಒಂದು ಪ್ರತಿ ನಮಗೆ ಕಳಿಸಿ, ಇನ್ನೊಂದನ್ನು ಎಸ್‌ಡಿಎಂಸಿ ಸಭೆಯ ಮುಂದಿಡಿ.